ಅರಿಶಿನಗೆರೆಯ ನೆರಳಚ್ಚು

ಬಹಳ ಬಹಳ ಹಿಂದೆ, ಬಿಸಿಲಿಗೆ ಇನ್ನೂ ಯಾರೂ ಒಡೆಯರಿಲ್ಲದ ಕಾಲದಲ್ಲಿ, ಅರಿಶಿನಗೆರೆ ಎಂಬ ರಾಜ್ಯವೊಂದಿತ್ತು. ಆ ರಾಜ್ಯದಲ್ಲಿ ಹುಲಿ ಮಾತಾಡುತ್ತಿತ್ತು, ಗಾಳಿ ಮುನಿಸಿಕೊಳ್ಳುತ್ತಿತ್ತು. ರಾಜ ಮಾತ್ರ ಎಲ್ಲ ರಾಜರ ಹಾಗೆಯೇ ಇದ್ದ.

ಅರಿಶಿನಗೆರೆಯ ಜನಕ್ಕೆ ಗುಡಿ ಇರಲಿಲ್ಲ, ಪೂಜಾರಿಯೂ ಇರಲಿಲ್ಲ. ಅವರ ದೇವರ ಕೆಲಸವೆಂದರೆ ಬಿಸಿಲು ಕೂರುವುದು. ಬಿಳಿಯ ಹತ್ತಿಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸುವರು. ಹಳದಿ ಬಟ್ಟೆಯನ್ನು ಚಪ್ಪಡಿಕಲ್ಲಿನ ಮೇಲೆ ಹಾಸಿ, ಅದರ ಮೇಲೆ ಒಂದು ಎಲೆಯನ್ನೋ ಹಕ್ಕಿಯ ಗರಿಯನ್ನೋ ಇಡುವರು. ಏನೂ ಸಿಗದಿದ್ದರೆ ತಮ್ಮ ಅಂಗೈಯನ್ನೇ ಊರುವರು. ಆಮೇಲೆ ಸುಮ್ಮನೆ ಕೂರುವರು. ಬೇಡಬಾರದು. ಮಾತಾಡಬಾರದು. ಅಚ್ಚು ಬಂತೇ ಎಂದು ಎತ್ತಿ ನೋಡಬಾರದು. ಅರ್ಧಕ್ಕೆ ಏಳಲೂಬಾರದು. ಬಿಸಿಲು ಬಿದ್ದ ಕಡೆ ಅರಿಶಿನ ಮಾಸಿ ಬೆಳ್ಳಗಾಗುತ್ತಿತ್ತು, ನೆರಳಿದ್ದ ಕಡೆ ಹಳದಿಯಾಗಿಯೇ ಉಳಿಯುತ್ತಿತ್ತು. ಹೊತ್ತು ಇಳಿದ ಮೇಲೆ ಬಟ್ಟೆಯನ್ನು ಸುಣ್ಣದ ತಿಳಿನೀರಿಗೆ ಅದ್ದಿದರೆ ಉಳಿದ ಹಳದಿಯೆಲ್ಲ ಕೆಂಪಾಗಿ ಎದ್ದು ಬರುತ್ತಿತ್ತು. ಅದೇ ನೆರಳಚ್ಚು.

ನೆರಳಚ್ಚನ್ನು ಮನೆಮಂದಿಯೆಲ್ಲ ನೋಡುತ್ತಿದ್ದರು, ಆದರೆ ಇಟ್ಟುಕೊಳ್ಳುತ್ತಿರಲಿಲ್ಲ. ಮತ್ತೆ ಬಿಸಿಲಿಗೆ ಹರವಿ ಕೆಂಪು ಮಾಯವಾಗುವವರೆಗೆ ಬಿಡುತ್ತಿದ್ದರು. ಇದಕ್ಕೆ ಒಪ್ಪಿಸುವುದು ಎಂದು ಹೆಸರು. 'ಬಿಸಿಲಿನದು ಬಿಸಿಲಿಗೆ, ನಮ್ಮದು ನಮಗೆ' ಎಂದು ಹೇಳಿ, ಬೆಳ್ಳಗಾದ ಬಟ್ಟೆಯನ್ನು ಮಡಚಿ ಎತ್ತಿಡುತ್ತಿದ್ದರು.

ಊರಿಗೆಲ್ಲ ಅರಿಶಿನ ಕುಟ್ಟಿ ಕೊಡುತ್ತಿದ್ದವಳು ಹೊಂಬವ್ವ. ಅವಳಿಗೆ ಒಬ್ಬಳೇ ಮಗಳು, ಸಣ್ಣೀರಿ. ಹೊಂಬವ್ವ ಯಾರಿಗೂ ಹೆದರುತ್ತಿರಲಿಲ್ಲ. ಅದೇ ಅವಳಿಗೆ ಮುಳುವಾಯಿತು.

ಆ ರಾಜ್ಯದ ರಾಜನ ಹೆಸರು ಮಕುಟರಾಯ. ವರ್ಷಕ್ಕೊಮ್ಮೆ ರಾಜನೂ ಜನರ ಜೊತೆ ಬಿಸಿಲು ಕೂರುವುದು ಪದ್ಧತಿ. ಒಂದು ವರ್ಷ ಸುಣ್ಣದ ನೀರಿನಲ್ಲಿ ಬಟ್ಟೆಗಳು ಒಂದರೊಳಗೊಂದು ಕಲೆತುಹೋದವು. ಹರವಿ ನೋಡಿದರೆ ಎಲ್ಲವೂ ಕೆಂಪು ಅಂಗೈಗಳು. ರಾಜನ ಕೈ ಯಾವುದು, ಕುಂಬಾರನ ಕೈ ಯಾವುದು, ಯಾರಿಗೂ ತಿಳಿಯಲಿಲ್ಲ.

"ನನ್ನ ಕಿರೀಟ ಯಾಕೆ ಬರಲಿಲ್ಲ?" ಎಂದು ರಾಜ ಗುಡುಗಿದ.

"ಕಿರೀಟಾನ ತಲೆ ಮೇಲಿಟ್ಕೊಂಡಿದ್ರಲ್ಲ ಬುದ್ಧೀ, ಬಟ್ಟೆ ಮೇಲೆ ಇಟ್ಟಿದ್ರೆ ತಾನೆ ಬರೋದು?" ಎಂದಳು ಹೊಂಬವ್ವ.

ಮರುದಿನ ರಾಜ ಕಿರೀಟವನ್ನು ಬಟ್ಟೆಯ ಮೇಲಿಟ್ಟು ಕೂತ. ಸುಣ್ಣಕ್ಕೆ ಅದ್ದಿ ತೆಗೆದರೆ ಬಂದದ್ದು ಒಂದು ದುಂಡನೆಯ ಬಳೆಯಂಥ ಗುರುತು, ಅಷ್ಟೆ.

"ಇದು ಕೊಡ ಹೊರೋ ಸಿಂಬೆ ಇದ್ದಂಗಿದೆ!" ಎಂದು ಯಾರೋ ಹೇಳಿದರು. ಜನವೆಲ್ಲ ನಕ್ಕಿತು.

ಬಡವನಿಗೆ ಸಿಟ್ಟು ಬಂದರೆ ಅವನ ಹೊಟ್ಟೆ ಉರಿಯುತ್ತದೆ. ರಾಜನಿಗೆ ಸಿಟ್ಟು ಬಂದರೆ ಊರು ಉರಿಯುತ್ತದೆ. ಮಕುಟರಾಯ ಆ ಬಟ್ಟೆಯನ್ನು ತುಳಿದು ಅರಮನೆಗೆ ಹೋದ. ನನ್ನನ್ನು ರಾಜನಂತೆ ತೋರಿಸುವ ಚಿತ್ರ ಯಾರು ತೆಗೆದುಕೊಡುತ್ತೀರೋ ಅವರು ಕೇಳಿದ್ದು ಕೊಡುತ್ತೇನೆ ಎಂದು ಡಂಗುರ ಹೊಡೆಸಿದ.

ಡಂಗುರ ಕೇಳಿ ಬಂದವನು ಕಾಡಿಗೆರಾಯ ಎಂಬ ಮಾಯಾವಿ. ಅವನ ಬಳಿ ಒಂದು ಕಪ್ಪು ಪೆಟ್ಟಿಗೆ ಇತ್ತು. ಪೆಟ್ಟಿಗೆಗೆ ಒಂದೇ ಕಣ್ಣು. ಆ ಕಣ್ಣು ತೆರೆದು ಮುಚ್ಚುವುದರೊಳಗೆ ಎದುರಿಗಿದ್ದವರ ಮುಖ ಗಾಜಿನ ಬಿಲ್ಲೆಯೊಂದರ ಮೇಲೆ ಮೂಡುತ್ತಿತ್ತು. ಕೂರುವುದು ಬೇಡ, ಕಾಯುವುದು ಬೇಡ, ಸುಣ್ಣವೂ ಬೇಡ. ಕಿರೀಟದ ಒಂದೊಂದು ಹರಳೂ ಫಳಫಳ ಹೊಳೆಯುತ್ತಿತ್ತು.

"ಆಹಾ! ಇದು ನಾನು!" ಎಂದ ಮಕುಟರಾಯ.

ಅದೇ ಅವನು ತನ್ನ ಬಾಯಿಂದ ಆಡಿದ ಕೊನೆಯ ಬುದ್ಧಿಯ ಮಾತು. ಮುಖ ಬಿಲ್ಲೆಗೆ ಹೋಗಿತ್ತು. ಕುತ್ತಿಗೆಯ ಮೇಲೆ ಉಳಿದದ್ದು ಒರೆಸಿದ ಹಲಗೆಯಂಥ ನುಣ್ಣನೆಯ ಚರ್ಮ. ಮುಖದ ಜೊತೆಗೆ ನೆನಪೂ ಹೋಗಿತ್ತು. ನಾನು ರಾಜ, ನಾನು ರಾಜ ಎನ್ನುವ ಚಾಳಿ ಮಾತ್ರ ಹೋಗಿರಲಿಲ್ಲ. ಕಾವಲಿನವರು ಅವನನ್ನು ಗುರುತಿಸದೆ ಕತ್ತು ಹಿಡಿದು ಬಾಗಿಲಾಚೆಗೆ ತಳ್ಳಿದರು. ಬಿಲ್ಲೆಯನ್ನು ಸಿಂಹಾಸನದ ಮೇಲೆ ಇಟ್ಟು ಅದಕ್ಕೆ ನಮಸ್ಕಾರ ಮಾಡಿದರು. ಬಿಲ್ಲೆಯ ಹೆಸರಿನಲ್ಲಿ ಕಾಡಿಗೆರಾಯ ಆಳತೊಡಗಿದ.

ಅವನ ಮೊದಲ ಆಜ್ಞೆ ಹೀಗಿತ್ತು: "ಪ್ರಜೆಗಳೇ, ನಿಮ್ಮ ಮುಖ ನಿಮ್ಮ ಹತ್ತಿರ ಇದ್ದರೆ ಸುಕ್ಕಾಗುತ್ತದೆ, ಬಿಸಿಲಿಗೆ ಕಪ್ಪಾಗುತ್ತದೆ. ನನ್ನ ಹತ್ತಿರ ಕೊಡಿ. ಭದ್ರವಾಗಿ ಇಡುತ್ತೇನೆ. ಯಾವ ಕಾಲಕ್ಕೂ ಚೆಂದವಾಗಿರುತ್ತದೆ."

ಭದ್ರವಾಗಿ ಇಡುತ್ತೇನೆ ಎಂದು ಯಾರಾದರೂ ನಿಮ್ಮ ವಸ್ತು ಕೇಳಿದರೆ ಬಾಗಿಲು ಹಾಕಿಕೊಳ್ಳಿ. ಅರಿಶಿನಗೆರೆಯವರಿಗೆ ಅದು ಗೊತ್ತಿರಲಿಲ್ಲ, ಯಾಕೆಂದರೆ ಆವರೆಗೆ ಅಲ್ಲಿ ಯಾರೂ ಏನನ್ನೂ ಕಸಿದಿರಲಿಲ್ಲ. ಜನ ಸಾಲುಗಟ್ಟಿ ಹೋದರು. ತಮ್ಮ ಬಿಲ್ಲೆ ನೋಡಿ ಹಿಗ್ಗುವುದರೊಳಗೆ ಹಿಗ್ಗುವ ಮುಖವೇ ಇಲ್ಲವಾಯಿತು. ಮುಖ ಹೋದವರು ಹೆಂಡತಿಯನ್ನು ಅರಿಯರು, ಮಕ್ಕಳನ್ನು ಅರಿಯರು. ನಿಲ್ಲು ಎಂದರೆ ನಿಲ್ಲುವರು, ಹೊರು ಎಂದರೆ ಹೊರುವರು. ಮಾಯಾವಿಗೆ ಬೇಕಾಗಿದ್ದೂ ಅದೇ.

ಹೊಂಬವ್ವ ಹೋಗಲಿಲ್ಲ. "ನನ್ನ ಮುಖ ನನಗೆ ಭಾರ ಏನಲ್ಲ, ನಾನೇ ಹೊತ್ಕೊಂಡಿರ್ತೀನಿ" ಎಂದು ಕರೆಯಲು ಬಂದವರನ್ನು ಬೈದು ಕಳಿಸಿದಳು. ಆಗ ಕಾಡಿಗೆರಾಯನೇ ಪೆಟ್ಟಿಗೆ ಹೊತ್ತು ಅವಳಿದ್ದಲ್ಲಿಗೆ ಬಂದ. ಅವಳು ಹಿತ್ತಲಿನ ಚಪ್ಪಡಿಯ ಮೇಲೆ ಅಂಗೈ ಊರಿ ಬಿಸಿಲು ಕೂತಿದ್ದಳು. ಮಾಯಾವಿ ಎದುರಿಗೆ ಬಂದದ್ದು ಅವಳಿಗೆ ಕಾಣಿಸಿತು. ಪೆಟ್ಟಿಗೆ ಇಳಿಸಿದ್ದೂ ಕಾಣಿಸಿತು. ಎದ್ದು ಓಡಬಹುದಿತ್ತು, ಒನಕೆ ತೆಗೆದುಕೊಂಡು ಬಾರಿಸಬಹುದಿತ್ತು. ಆದರೆ ಅರ್ಧಕ್ಕೆ ಕೈ ಎತ್ತಿ ಗೊತ್ತಿಲ್ಲದ ಜನ ಅವರು. ಅವಳು ಏಳಲಿಲ್ಲ. ಪೆಟ್ಟಿಗೆಯ ಕಣ್ಣು ತೆರೆದು ಮುಚ್ಚಿತು.

ಸುಣ್ಣ ತರಲು ಹೋಗಿದ್ದ ಸಣ್ಣೀರಿ ಹಿಂದಿರುಗಿದಾಗ ಅವ್ವ ಚಪ್ಪಡಿಯ ಮೇಲೆ ಹಾಗೇ ಕೂತಿದ್ದಳು.

"ಅವ್ವಾ, ಸುಣ್ಣ ತಂದೆ."

ಕಣ್ಣಿಲ್ಲದ, ಮೂಗಿಲ್ಲದ ನುಣ್ಣನೆಯ ಮೋರೆ ಅವಳ ಕಡೆ ತಿರುಗಿತು. "ಯಾರಮ್ಮ ನೀನು?"

"ನಾನು ಕಣವ್ವ, ಸಣ್ಣಿ."

"ಯಾವ ಸಣ್ಣಿ?"

ಸಣ್ಣೀರಿ ಅಳಲಿಲ್ಲ. ಅಳುವುದಕ್ಕಿಂತ ಮೊದಲು ಅವಳಿಗೆ ಸಿಟ್ಟು ಬಂತು. ಒಂದು ಬಿಳಿ ಬಟ್ಟೆ, ಒಂದು ಚೀಲ ಅರಿಶಿನ, ಒಂದು ಕುಡಿಕೆ ಸುಣ್ಣ ಕಟ್ಟಿಕೊಂಡು, ಅವ್ವನನ್ನು ನೆರಳಿಗೆ ಕೂರಿಸಿ, ನೆಟ್ಟಗೆ ಅರಮನೆಗೆ ಹೋದಳು.

ಅರಮನೆಯ ಬಾಗಿಲಲ್ಲಿ ಮುಖವಿಲ್ಲದವನೊಬ್ಬ ಕಾವಲಿನವನ ಕಾಲು ಹಿಡಿದಿದ್ದ. "ನಾನು ರಾಜ ಕಣಯ್ಯ, ನಾನು ರಾಜ."

"ರಾಜರು ಒಳಗೆ ಸಿಂಹಾಸನದ ಮೇಲೆ ಹೊಳೀತಾ ಇದಾರೆ. ಮುಚ್ಕೊಂಡು ಹೋಗು" ಎಂದ ಕಾವಲಿನವನು. ಅವನ ಸರದಿ ಇನ್ನೂ ಬಂದಿರಲಿಲ್ಲ, ಹಾಗಾಗಿ ಅವನಿಗೆ ಮುಖವಿತ್ತು. ಸಣ್ಣೀರಿಯನ್ನು ನೋಡಿ ಆ ಮುಖ ಸಣ್ಣದಾಯಿತು. "ನೀನು ಹೊಂಬವ್ವನ ಮಗಳಲ್ವ? ವಾಪಸ್ ಹೋಗವ್ವ. ಜನರ ಬಿಲ್ಲೆಗಳು ಇಲ್ಲಿಲ್ಲ. ಎಲ್ಲಾನೂ ಕಾಡಿಗೆರಾಯ ಇರುಳುಗುಡ್ಡಕ್ಕೆ ಹೊತ್ಕೊಂಡು ಹೋಗಿದಾನೆ. ಅಲ್ಲಿ ಕಂಬಳಿ ಹೊಲಿಸಿ ಡೇರೆ ಹಾಕಿದಾನೆ. ಒಂದೆಳೆ ಬಿಸಿಲೂ ಒಳಗೆ ಬೀಳಲ್ಲ. ದಾರೀಲಿ ಹುಲಿ ಇದೆ, ಗಾಳಿ ಇದೆ. ಹೋದೋರು ಬಂದಿಲ್ಲ."

"ನಮ್ಮವ್ವ ಮನೇಲೇ ಇದ್ದು ಎಲ್ಲಿಗೋ ಹೋಗಿಬಿಟ್ಟಿದಾಳೆ ಕಣಣ್ಣ. ನಾನು ಹೋಗದೆ ಇದ್ರೆ ಅವಳು ಬರಲ್ಲ" ಎಂದು ಸಣ್ಣೀರಿ ಇರುಳುಗುಡ್ಡದ ದಾರಿ ಹಿಡಿದಳು.

ಹೋದಳು, ಹೋದಳು, ಹೊಳೆ ದಾಟಿ ಹೋದಳು. ಬಿದಿರುಮೆಳೆಯ ಹತ್ತಿರ ಒಂದು ಹುಲಿ ಅಡ್ಡ ಬಂತು. ಮೈಯೆಲ್ಲ ಹಾಲಿನಷ್ಟು ಬಿಳಿ, ಒಂದು ಪಟ್ಟೆಯೂ ಇಲ್ಲ.

"ನಿನ್ನನ್ನ ತಿಂತೀನಿ" ಎಂದಿತು ಹುಲಿ.

"ತಿನ್ನು. ಆದ್ರೆ ನಿನ್ನ ಪಟ್ಟೆ ಎಲ್ಲಿ ಹುಲಿಯಣ್ಣ?"

ಹುಲಿಯ ಬಾಲ ಇಳಿಯಿತು. "ಕಾಡಿಗೆರಾಯ ಕಿತ್ಕೊಂಡ. ಚೆಂದ ಕಾಣ್ತೀಯ, ಒಂದ್ಸಲ ಇತ್ತ ನೋಡು ಅಂದ. ನೋಡಿದೆ. ಆವತ್ತಿಂದ ಜಿಂಕೆಗಳು ನನ್ನ ಕಂಡ್ರೆ ಓಡ್ತಾವೆ ಅನ್ಕೊಂಡ್ಯ? ಹಸು ಅನ್ಕೊಂಡು ಪಕ್ಕದಲ್ಲೇ ಮೇಯ್ತಾವೆ! ಈ ದಾರೀಲಿ ಬಂದೋರನ್ನೆಲ್ಲ ತಿಂದ್ರೆ ಪಟ್ಟೆ ವಾಪಸ್ ಕೊಡ್ತೀನಿ ಅಂದಿದಾನೆ."

"ಎಷ್ಟು ಜನಾನ ತಿಂದೆ?"

"ತುಂಬ."

"ಕೊಟ್ಟನಾ?"

ಹುಲಿ ತನ್ನ ಬಿಳಿ ಮಗ್ಗುಲನ್ನು ನೆಕ್ಕಿಕೊಂಡಿತು.

"ನಾನು ಕೊಡ್ತೀನಿ. ಆದ್ರೆ ನೀನು ಅಲ್ಲಾಡಬಾರದು, ಮಾತಾಡಬಾರದು, ತಿರುಗಿ ನೋಡ್ಕೋಬಾರದು. ಆಗುತ್ತಾ?"

"ಹುಲಿ ನಾನು. ಹೊಂಚು ಹಾಕೋದು ನನ್ನ ಕಸುಬು. ಅದಕ್ಕಿಂತ ಸುಮ್ಮನೆ ಕೂರೋದು ಇನ್ನೇನಿದೆ?"

ಸಣ್ಣೀರಿ ಹುಲಿಯ ಮೈಗೆಲ್ಲ ಅರಿಶಿನ ಬಳಿದಳು. ಅದು ಒಣಗಿದ ಮೇಲೆ ಬಿದಿರಿನ ಎಲೆಗಳನ್ನು ಉದ್ದಕ್ಕೆ, ಅಡ್ಡಕ್ಕೆ ಸಾಲಾಗಿ ಅಂಟಿಸಿದಳು. ಹುಲಿ ಬಂಡೆಯ ಮೇಲೆ ಬಿಸಿಲಿಗೆ ಮೈಯೊಡ್ಡಿ ಮಲಗಿತು. ಸಣ್ಣೀರಿ ಪಕ್ಕದಲ್ಲಿ ಕೂತಳು. ಹೊಂಚು ಹಾಕುವುದೇ ಬೇರೆ, ಸುಮ್ಮನೆ ಕೂರುವುದೇ ಬೇರೆ ಎಂದು ಹುಲಿಗೆ ಆಗಲೇ ತಿಳಿದದ್ದು. ಹೊಂಚಿನಲ್ಲಿ ಜಿಂಕೆ ಬರುತ್ತದೆ ಎಂಬ ಆಸೆ ಇರುತ್ತದೆ. ಇಲ್ಲಿ ಏನೂ ಇಲ್ಲ. ನೊಣವೊಂದು ಬಂದು ಮೂಗಿನ ಮೇಲೆ ಕೂತಿತು. ಹುಲಿಯ ಮೀಸೆ ಅದುರಿತು. ನೊಣ ಕಿವಿಯೊಳಗೆ ಹೊಕ್ಕಿತು. ಹುಲಿಯ ಕಣ್ಣಲ್ಲಿ ನೀರು ಬಂತು. ಆದರೂ ಅಲ್ಲಾಡಲಿಲ್ಲ. ಆಮೇಲೆ ನೊಣ ಹೋಯಿತು, ನೊಣದ ಮೇಲಿನ ಸಿಟ್ಟೂ ಹೋಯಿತು.

ಹೊತ್ತು ಇಳಿದಾಗ ಎಲೆ ತೆಗೆದು ಸುಣ್ಣದ ತಿಳಿನೀರು ಸುರಿದರೆ ಬಿಳಿಯ ಮೈಮೇಲೆ ಕೆಂಪು ಪಟ್ಟೆಗಳು ಎದ್ದು ಬಂದವು.

ಹುಲಿ ಹೊಳೆಯಲ್ಲಿ ನೋಡಿಕೊಂಡು ಅಬ್ಬರಿಸಿತು. "ಕೆಂಪು! ನನ್ನದು ಕಪ್ಪಿತ್ತು ಕಣೇ!"

"ಕಪ್ಪು ಬೇಕಿದ್ರೆ ಕಾಡಿಗೆರಾಯನ್ನ ಕೇಳು. ಬಿಸಿಲು ಕೊಟ್ಟಿದ್ದು ಇದು."

"ಮಾಸಿಹೋದ್ರೆ?"

"ಮಾಸುತ್ತೆ. ಮತ್ತೆ ಕೂರೋದು."

ಹುಲಿ ಇನ್ನೊಮ್ಮೆ ನೋಡಿಕೊಂಡಿತು. ಮಗ್ಗುಲು ತಿರುಗಿಸಿ ನೋಡಿಕೊಂಡಿತು. "ಕೂತಿದ್ದಷ್ಟು ಹೊತ್ತೂ ನನಗೆ ಹಸಿವೇ ಆಗಲಿಲ್ಲ" ಎಂದು ಮೆಲ್ಲಗೆ ಹೇಳಿತು. "ಹತ್ತು ಬೆನ್ನ ಮೇಲೆ. ಮುಂದೆ ಕಣಿವೆ ಇದೆ, ನಿನ್ನ ಕಾಲಿಗೆ ಆಗಲ್ಲ."

ಹೋದರು, ಹೋದರು, ಕಾಡು ದಾಟಿ ಹೋದರು. ಕಣಿವೆಯ ಬಾಯಲ್ಲಿ ಗಾಳಿರಕ್ಕಸಿ ಕಾವಲಿದ್ದಳು. ಯಾರು ಬಂದರೂ ಎತ್ತಿ ಬಂಡೆಗೆ ಅಪ್ಪಳಿಸುವುದು ಅವಳ ಕೆಲಸ. ಹುಲಿ ಉಗುರೂರಿ ನೆಲ ಕಚ್ಚಿತು. ಸಣ್ಣೀರಿ ಹುಲಿಯ ಕತ್ತು ತಬ್ಬಿದಳು.

"ಗಾಳಿಯಕ್ಕಾ! ನಾವು ನಿನಗೇನು ಮಾಡಿದ್ವಿ? ಯಾಕೆ ಹೊಡೀತೀಯ?" ಎಂದು ಕೂಗಿದಳು.

"ಯಾರೇ ಅದು ಅಕ್ಕ ಅನ್ನೋಳು?" ಎಂದು ಗಾಳಿ ಹೂಂಕರಿಸಿತು. "ನಾನು ಇಲ್ಲ! ಇಲ್ಲದೇ ಇರೋಳಿಗೆ ತಂಗಿ ಎಲ್ಲಿಂದ ಬಂದ್ಲು?"

"ಇಲ್ಲದೇ ಇರೋಳು ಇಷ್ಟು ಜೋರಾಗಿ ಹೊಡೀತಾಳಾ?"

ಗಾಳಿ ತುಸು ತಗ್ಗಿತು. "ಕಾಡಿಗೆರಾಯ ಪೆಟ್ಟಿಗೆ ಇಟ್ಟು ನನ್ನ ನೋಡಿದ. ಬಿಲ್ಲೆ ಖಾಲಿ ಬಂತು. ನೋಡು, ನೀನು ಇಲ್ಲವೇ ಇಲ್ಲ, ನನ್ನ ಚಾಕರಿ ಮಾಡು, ಆಗ ನೀನು ಇದೀಯ ಅಂತ ಬೇಕಾದ್ರೆ ಒಪ್ಕೋತೀನಿ ಅಂದ."

ಇದು ಹಳೆಯ ಆಟ. ನೀನು ಇಲ್ಲ ಎಂದು ಮೊದಲು ಹೇಳಿಬಿಡುವುದು, ಆಮೇಲೆ ದುಡಿಸಿಕೊಳ್ಳುವುದು. ಸಣ್ಣೀರಿಗೆ ಮೈ ಉರಿಯಿತು. ಅವಳು ಬಿಳಿ ಬಟ್ಟೆಯನ್ನು ಅರಿಶಿನಕ್ಕೆ ಅದ್ದಿದಳು. ಬಂಡೆಯ ನೆರಳಿನಲ್ಲಿ ಗಾಳಿ ಆಡುತ್ತಲೇ ಇದ್ದುದರಿಂದ ಬಟ್ಟೆ ಬೇಗ ಒಣಗಿತು. ಬಂಡೆಯ ಬಿರುಕಿನಲ್ಲಿ ಒಂದು ಹುಲ್ಲಿನ ಕಂತೆ ಬೆಳೆದಿತ್ತು. ಅದರ ಬುಡಕ್ಕೆ ಬಟ್ಟೆ ಹಾಸಿ, ಮೂಲೆಗಳಿಗೆ ಕಲ್ಲು ಹೇರಿದಳು.

"ಎಲ್ಲರಿಗೂ ಸುಮ್ಮನೆ ಕೂರು ಅಂತೀವಿ ಅಕ್ಕ. ನೀನು ಮಾತ್ರ ನಿಲ್ಲಬೇಡ. ನೀನು ಹೆಂಗಿದೀಯೋ ಹಂಗೇ ಬೀಸ್ತಾ ಇರು. ನಾವು ಕೂತ್ಕೋತೀವಿ."

ಗಾಳಿ ಬೀಸಿತು. ಹುಲ್ಲು ಬಾಗಿತು, ಎದ್ದಿತು, ತೂಗಿತು. ಸಣ್ಣೀರಿಯೂ ಹುಲಿಯೂ ಕಣ್ಣು ಮುಚ್ಚಿ ಕೂತರು. ಬಿಸಿಲು ತಿರುಗಿದ ಮೇಲೆ ಬಟ್ಟೆ ಸುಣ್ಣಕ್ಕೆ ಬಿತ್ತು. ಹುಲ್ಲಿನ ಬುಡ ಅಲ್ಲಾಡಿರಲಿಲ್ಲ, ಅಲ್ಲಿ ಗಾಢವಾದ ಕೆಂಪು ಗೆರೆಗಳು. ಮೇಲೆ ಹೋದ ಹಾಗೆ ಗೆರೆ ಕರಗಿ, ಹರಡಿ, ತುದಿಯಲ್ಲಿ ಅಂಚೇ ಇಲ್ಲದ ತೆಳು ನಸುಗೆಂಪು. ಯಾರೋ ಮೆಲ್ಲನೆ ಉಸಿರು ಬಿಟ್ಟ ಹಾಗೆ.

"ಗಟ್ಟಿಯಾಗಿ ಬಂದಿರೋದು ಹುಲ್ಲು" ಎಂದಳು ಸಣ್ಣೀರಿ. "ಈ ಕರಗಿರೋದೆಲ್ಲ ನೀನು."

ಗಾಳಿ ಬಟ್ಟೆಯ ಅಂಚನ್ನು ಮೆಲ್ಲಗೆ ಎತ್ತಿ ನೋಡಿತು.

"ನಾನು ಇಷ್ಟು ಮೆತ್ತಗಿದೀನಾ?" ಎಂದಿತು ಗಾಳಿ.

ಆಮೇಲೆ ಅದು ಬಟ್ಟೆಯನ್ನು ತಬ್ಬಿಕೊಂಡು ಕೊಡುವುದಿಲ್ಲ ಎಂದಿತು. ಸಣ್ಣೀರಿ ಬೈಯಲಿಲ್ಲ. "ಹಿಡ್ಕೊಂಡು ಕೂತ್ರೆ ನೀನೂ ಆ ಪೆಟ್ಟಿಗೆಯೋನೂ ಒಂದೇ. ಬಟ್ಟೆ ಹೋದ್ರೆ ನೀನು ಹೋಗ್ತೀಯಾ?" ಎಂದು ಕೇಳಿದಳು. ಗಾಳಿ ಬಟ್ಟೆಯ ಸುತ್ತ ಇನ್ನೊಮ್ಮೆ ಸುತ್ತಿತು. ಕೊನೆಗೆ ತಾನೇ ಬಟ್ಟೆಯನ್ನು ಬಿಸಿಲಿಗೆ ಎತ್ತಿ ಹಿಡಿಯಿತು. ಕೆಂಪು ಮಾಯವಾಯಿತು. ಗಾಳಿ ಮಾಯವಾಗಲಿಲ್ಲ. ಕಣಿವೆಯ ತುದಿಯವರೆಗೂ ಒಮ್ಮೆ ಕುಣಿದು ಬಂದು, "ನಡಿ ತಂಗೀ, ಆ ಸುಳ್ಳನ ಡೇರೆ ತೋರಿಸ್ತೀನಿ" ಎಂದಿತು.

ಹೋದರು, ಹೋದರು, ಕಣಿವೆ ದಾಟಿ ಇರುಳುಗುಡ್ಡಕ್ಕೆ ಹೋದರು. ನಡುಹಗಲಿನಲ್ಲಿ ಗುಡ್ಡದ ನೆತ್ತಿಯ ಮೇಲೆ ಡೇರೆ ಕರ್ರಗೆ ನಿಂತಿತ್ತು. ಒಳಗಿನಿಂದ ಪಿಸುಪಿಸು ಸದ್ದು. ಗಾಜಿನಲ್ಲಿ ಸಿಕ್ಕಿಬಿದ್ದ ಮುಖಗಳು ಮಾತಾಡಲಾರದೆ ಮಾಡುತ್ತಿದ್ದ ಸದ್ದು ಅದು.

ಕಾಡಿಗೆರಾಯ ಡೇರೆಯ ಬಾಗಿಲಿಗೆ ಬಂದ. ಸಣ್ಣೀರಿ ಅವನ ಮುಖ ನೋಡಿದಳು. ಒಂದು ಹುಬ್ಬು ಪಕ್ಕದ ಮನೆಯ ನೇಕಾರನದು. ಇನ್ನೊಂದು ಹುಬ್ಬು ಯಾರೋ ಹೆಂಗಸಿನದು. ಕೆನ್ನೆಯ ಗುಳಿ ಒಂದು ಮಗುವಿನದು. ಇಷ್ಟವಾದದ್ದನ್ನೆಲ್ಲ ಆರಿಸಿ ಮೆತ್ತಿಕೊಂಡಿದ್ದ.

"ಬಾರಮ್ಮ, ಬಾ. ಇಂಥ ಸಿಟ್ಟಿನ ಕಣ್ಣು ನನ್ನ ಹತ್ರ ಇರಲಿಲ್ಲ" ಎಂದು ಪೆಟ್ಟಿಗೆಯನ್ನು ಎತ್ತಿದ.

"ಅಕ್ಕಾ!" ಎಂದಳು ಸಣ್ಣೀರಿ.

ಗಾಳಿ ಒಮ್ಮೆ ಉಸಿರೆಳೆದು ಬಿಟ್ಟಿತು. ಗೂಟಗಳು ಕಿತ್ತುಬಂದವು, ಹಗ್ಗಗಳು ಹರಿದವು, ಕಂಬಳಿಗಳ ಡೇರೆ ಕಾಗೆಯ ಹಾಗೆ ಹಾರಿಹೋಯಿತು. ಹುಲಿ ಒಂದೇ ನೆಗೆತಕ್ಕೆ ಪೆಟ್ಟಿಗೆಯನ್ನು ಕೆಡವಿ ಅದರ ಕಣ್ಣನ್ನು ಪಂಜದಿಂದ ಅಪ್ಪಚ್ಚಿ ಮಾಡಿತು. ಸಾಲುಸಾಲು ಬಿಲ್ಲೆಗಳ ಮೇಲೆ ಬಿಸಿಲು ಸುರಿಯಿತು.

ಬಿಸಿಲು ಬಿದ್ದದ್ದೇ ತಡ, ಬಿಲ್ಲೆಗಳ ಮೇಲಿನ ಮುಖಗಳು ಮಾಸತೊಡಗಿದವು.

ಕಾಡಿಗೆರಾಯ ನೆಲಕ್ಕೆ ಬಿದ್ದು ಒಂದೇ ಒಂದು ಬಿಲ್ಲೆಯನ್ನು ಬಾಚಿ ನಿಲುವಂಗಿಯೊಳಗೆ ಮುಚ್ಚಿಕೊಂಡ. "ಏನು ಮಾಡಿದೆಯೇ ಪಾಪಿ! ಊರನ್ನೇ ಅಳಿಸಿಬಿಟ್ಟೆಯಲ್ಲೇ! ನೀವು ಬಟ್ಟೆ ಮೇಲಿನ ನೆರಳು ಒಪ್ಪಿಸಿದೀರಿ. ಮುಖಾನ ಒಪ್ಪಿಸಿದೋರು ಯಾರಾದ್ರೂ ಇದಾರಾ? ಅದು ವಾಪಸ್ ಬರುತ್ತೆ ಅಂತ ಯಾರು ಹೇಳಿದ್ರು ನಿನಗೆ?"

ಸಣ್ಣೀರಿ ಮಾಸುತ್ತಿದ್ದ ಬಿಲ್ಲೆಗಳ ಕಡೆ ತಿರುಗಿದಳು. ಯಾರೂ ಹೇಳಿರಲಿಲ್ಲ. ಮಾಯಾವಿ ಆ ಒಂದು ಮಾತಿನಲ್ಲಿ ಸುಳ್ಳಾಡಿರಲಿಲ್ಲ.

ಅವಳ ಮೋರೆ ನೋಡಿ ಅವನ ದನಿ ಜೇನಾಯಿತು. "ಇದೊಂದು ಉಳಿದಿದೆ ನೋಡು. ಯಾರದು ಗೊತ್ತಾ? ನಿಮ್ಮವ್ವಂದು. ಕಪ್ಪು ಬಟ್ಟೇಲಿ ಸುತ್ತಿ ಕೊಡ್ತೀನಿ, ತಗೊಂಡು ಹೋಗು. ಪೆಟ್ಟಿಗೇಲಿಟ್ಕೋ. ದೀಪದ ಬೆಳಕಲ್ಲಿ ನೋಡ್ಕೋ. ನಿಮ್ಮವ್ವ ಮುದುಕಿ ಆಗಲ್ಲ, ಕಾಯಿಲೆ ಬೀಳಲ್ಲ, ಸಾಯಲ್ಲ, ನಿನ್ನ ಬೈಯಲ್ಲ. ಬಿಸಿಲಿಗೆ ಇಟ್ಯೋ, ಇದೂ ಇಲ್ಲ. ಆಮೇಲೆ ಆ ನುಣ್ಣಗಿನ ತಲೆ ಇಟ್ಕೊಂಡು ಅಳು."

ಅವನು ನಿಲುವಂಗಿಯ ಮರೆಯಲ್ಲೇ ಬಿಲ್ಲೆಯನ್ನು ತೋರಿಸಿದ. ಸಣ್ಣೀರಿ ಬಗ್ಗಿ ನೋಡಿದಳು. ಅವ್ವನೇ. ಆದರೆ ಗಲ್ಲದ ಮೇಲಿನ ಸುಟ್ಟ ಕಲೆ ಇರಲಿಲ್ಲ. ಮೂಗಿನ ಪಕ್ಕದ ನರೂಲಿ ಇರಲಿಲ್ಲ. ಹಣೆಯ ಗೆರೆಗಳನ್ನು ಇಸ್ತ್ರಿ ಹಾಕಿದಂತೆ ಸವರಲಾಗಿತ್ತು. ತುಟಿ ಮುಚ್ಚಿಕೊಂಡು, ಯಾರಿಗೋ ಹೆದರಿದವಳ ಹಾಗೆ ನಗುತ್ತಿದ್ದಳು. ಸಣ್ಣೀರಿಗೆ ಅದು ಬೇಕು ಎನಿಸಿತು. ಅಷ್ಟಾದರೂ ಸಾಕು ಎನಿಸಿತು. ಕೈ ಮುಂದೆ ಹೋಯಿತು.

ಬಿಲ್ಲೆ ಕೈಗೆ ಬಂದಾಗ ಅವಳು ಅದನ್ನು ಕಪ್ಪು ಬಟ್ಟೆಗೆ ಸುತ್ತಲಿಲ್ಲ. ಬಂಡೆಯ ಮೇಲೆ, ಬಿಸಿಲಿಗೆ ಇಟ್ಟಳು. "ಬಿಸಿಲಿನದು ಬಿಸಿಲಿಗೆ" ಎಂದಳು. ಉಳಿದರ್ಧವನ್ನು ಹೇಳಲಿಲ್ಲ. ಎದುರಿಗೆ ಕೂತು ಕಣ್ಣು ಮುಚ್ಚಿದಳು. ಹುಲಿ ಬಂದು ಪಕ್ಕದಲ್ಲಿ ಕೂತಿತು. ಗಾಳಿ ಮೊದಲ ಸಲ ನಿಂತಿತು.

ಕಾಡಿಗೆರಾಯ ಸುತ್ತ ಕುಣಿದ. "ಹುಬ್ಬು ಹೋಯ್ತು! ನೋಡೇ, ಮೂಗು ಹೋಗ್ತಾ ಇದೆ! ಎದ್ದು ನೋಡೇ ಮೂರ್ಖಿ, ಈಗ್ಲಾದ್ರೂ ಮುಚ್ಕೋ, ಅರ್ಧ ಆದ್ರೂ ಉಳಿಯುತ್ತೆ!"

ಅರ್ಧ ಅವ್ವ! ಸಣ್ಣೀರಿಯ ರೆಪ್ಪೆ ಅದುರಿತು. ಅವಳು ಕಣ್ಣು ತೆರೆಯಲಿಲ್ಲ. ಬೇಡಿಕೊಳ್ಳಬೇಕು ಎನಿಸಿತು, ಬೇಡಲಿಲ್ಲ. ಅವ್ವ ಬೇಕು ಎಂಬುದನ್ನೂ ಬಿಟ್ಟು ಕೂರುವುದು ಎಷ್ಟು ಕಷ್ಟವೋ ಅಷ್ಟು ಕಷ್ಟದಲ್ಲಿ ಕೂತಳು. ಮುಖದ ಮೇಲೆ ಬಿಸಿಲು ಬಿತ್ತು, ಕತ್ತಿಗೆ ಇಳಿಯಿತು, ಕೈಗೆ ಇಳಿಯಿತು. ಕೂಗು ತಗ್ಗಿತು, ತೊದಲಿತು, ಆಮೇಲೆ ನಿಂತೇಹೋಯಿತು.

ಅವಳು ಕಣ್ಣು ತೆರೆದಾಗ ಬಿಲ್ಲೆ ತಿಳಿನೀರಿನ ಹಾಗಿತ್ತು. ಅದರ ಕೆಳಗಿನ ಕಲ್ಲು ಕಾಣುತ್ತಿತ್ತು.

ಆಚೆಗೆ ಕಾಡಿಗೆರಾಯ ಕೂತಿದ್ದ. ಮೆತ್ತಿಕೊಂಡ ಹುಬ್ಬು ಹೋಗಿತ್ತು, ಗುಳಿ ಹೋಗಿತ್ತು, ಬಾಯಿಯೂ ಹೋಗಿತ್ತು. ಒರೆಸಿದ ಹಲಗೆ. ಎಲ್ಲರಿಗಿಂತ ಮೊದಲು ಅವನು ತನ್ನ ಮುಖವನ್ನೇ ಆ ಪೆಟ್ಟಿಗೆಗೆ ಕೊಟ್ಟು, ಹಳತಾಯಿತೆಂದು ಬಿಸಾಡಿದ್ದ. ಅದು ಎಲ್ಲಿದೆಯೋ ಅವನಿಗೇ ತಿಳಿಯದು.

"ನಾನು ಯಾರು?" ಎಂದು ಅವನು ಎಲ್ಲಿಂದಲೋ ಕೇಳಿದ.

"ನನ್ನ ರಾತ್ರಿ ಊಟ ಅಂತ ಹೇಳ್ಲಾ?" ಎಂದಿತು ಹುಲಿ.

"ಬೇಡ ಬಿಡು ಹುಲಿಯಣ್ಣ. ಹೊಟ್ಟೆ ಕೆಡುತ್ತೆ" ಎಂದಳು ಸಣ್ಣೀರಿ. ನಗು ಬರಲಿಲ್ಲ ಅವಳಿಗೆ. ಅವಳ ಜೀವವೆಲ್ಲ ಊರಿನಲ್ಲಿತ್ತು.

ಹುಲಿ ಅವಳನ್ನು ಹೊತ್ತು ಓಡಿತು. ಕಾಡಿಗೆರಾಯನನ್ನು ಗಾಳಿ ಕೊರಳಪಟ್ಟಿ ಹಿಡಿದು ಹಿಂದಿನಿಂದ ದಬ್ಬಿಕೊಂಡು ಬಂತು. ಊರ ಬಾಗಿಲಿಗೆ ಬಂದರು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಕಾಡಿಗೆರಾಯ ಹೇಳಿದ್ದೇ ನಿಜವಾಯಿತೇ?

ಆಗ ಅವಳ ಮನೆಯ ಹಿತ್ತಲ ಕಡೆಯಿಂದ ದನಿ ಕೇಳಿಸಿತು.

"ಯಾವನೋ ಅವನು ನನ್ನ ಒನಕೆ ಇಲ್ಲಿಂದ ತೆಗೆದೋನು? ಮುಖ ಇಲ್ಲ ಅಂದ್ರೆ ಕೈಯೂ ಇಲ್ಲವೇನ್ರೋ ನಿಮಗೆ, ತಗೊಂಡದ್ದು ತಂದಿಡೋಕೆ? ಎಲ್ಲಿ ನಮ್ಮ ಹುಡುಗಿ? ಸಣ್ಣೀ! ಏ ಸಣ್ಣೀ! ಸುಣ್ಣ ತಾ ಅಂತ ಕಳಿಸಿದ್ರೆ ಸುಣ್ಣ ಸುಡೋಕೇ ಹೋದ್ಲೇನೋ!"

ಸಣ್ಣೀರಿ ಹುಲಿಯ ಬೆನ್ನಿನಿಂದ ಜಾರಿದಳೋ ಬಿದ್ದಳೋ ಅವಳಿಗೇ ಗೊತ್ತಿಲ್ಲ. ಆಗ ಅತ್ತಳು. ನೆಲದ ಮೇಲೆ ಕೂತು, ಇಷ್ಟು ದಾರಿ ತಡೆದುಕೊಂಡಿದ್ದನ್ನೆಲ್ಲ ಅತ್ತಳು. ಊರಿನ ಮಂದಿಯೆಲ್ಲ ಹಿತ್ತಲಲ್ಲೇ ಇದ್ದರು. ಒಬ್ಬರ ಮುಖ ಒಬ್ಬರು ಮುಟ್ಟಿ ನೋಡುತ್ತ, ನಿನ್ನ ಮೂಗು ಮೊದಲೂ ಹೀಗೇ ಇತ್ತಾ ಎಂದು ಜಗಳವಾಡುತ್ತ, ನಗುತ್ತ ಇದ್ದರು. ಹುಲಿಯನ್ನು ಕಂಡು ಒಮ್ಮೆ ಚೀರಿದರು. ಕಪ್ಪು ಪಟ್ಟೆಗಳೂ ಮರಳಿ ಮೂಡಿದ್ದ ಬೆನ್ನನ್ನು ಬಿಸಿಲಿಗೆ ಕೊಟ್ಟು ಅದು ಮಲಗಿದ್ದನ್ನು ನೋಡಿ ಸುಮ್ಮನಾದರು.

ಮಕುಟರಾಯನಿಗೂ ಮುಖ ಬಂದಿತ್ತು. ಊರಿಗೆಲ್ಲ ಮುಖ ಬಂದದ್ದು ಕಂಡು, ಸಿಂಹಾಸನದ ಮೇಲಿನ ಬಿಲ್ಲೆಯನ್ನು ಕಾವಲಿನವನೇ ತಂದು ಬಿಸಿಲಿಗೆ ಇಟ್ಟಿದ್ದ. ರಾಜ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. "ಪ್ರಜೆಗಳೇ, ನಿಮ್ಮ ರಾಜ ಹಿಂತಿರುಗಿದ್ದಾನೆ."

"ಎಲ್ಲಿಗೆ ಹೋಗಿದ್ರಿ ಬುದ್ಧೀ?" ಎಂದಳು ಹೊಂಬವ್ವ. "ಇಷ್ಟು ದಿನ ಒಂದು ಗಾಜಿನ ಚೂರು ನಿಮ್ಮ ಜಾಗದಲ್ಲಿ ಕೂತಿತ್ತು. ಒಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಇನ್ಮೇಲೆ ಆ ಜಾಗ ಖಾಲಿನೇ ಇರಲಿ. ಬೇಸಾಯಕ್ಕೆ ಆಳು ಸಾಲದು, ಬನ್ನಿ."

ಯಾರೂ ಕತ್ತಿ ಎತ್ತಲಿಲ್ಲ, ಯಾರೂ ಜೈಕಾರ ಕೂಗಲಿಲ್ಲ. ಎಲ್ಲರೂ ಸುಮ್ಮನೆ ನಿಂತು ಅವನ ಮುಖ ನೋಡಿದರು, ಅಷ್ಟೆ. ಅಷ್ಟು ಮುಖಗಳ ಮುಂದೆ ಒಂದು ಕಿರೀಟ ಎಷ್ಟು ಹೊತ್ತು ನಿಲ್ಲುತ್ತದೆ? ಮಕುಟರಾಯ ಅದನ್ನು ತೆಗೆದು ಕೆಳಗಿಟ್ಟ. ಕಾಡಿಗೆರಾಯನಿಗೆ ಅರಿಶಿನ ಕುಟ್ಟುವ ಕೆಲಸ ಕೊಟ್ಟರು. ದಿನಾ ಬಿಸಿಲು ಕೂರು ಎಂದರು. ಮೊದಮೊದಲು ಏನೂ ಆಗಲಿಲ್ಲ. ವರ್ಷ ಕಳೆಯುವಾಗ ನುಣ್ಣನೆಯ ಮೋರೆಯ ನಡುವೆ ಮೂಗಿನಂಥದ್ದೇನೋ ಸಣ್ಣಗೆ ಉಬ್ಬುತ್ತಿದೆ ಎಂದು ಮಕ್ಕಳು ಬಂದು ಹೇಳಿದರು.

ಆದರೆ ಅದು ಆಮೇಲಿನ ಮಾತು. ಅಂದು ಸಂಜೆ ಹೊಂಬವ್ವ ಮಗಳಿಗೆ ರೊಟ್ಟಿ ತಟ್ಟಿ ಹಾಕಿದಳು. ಸಣ್ಣೀರಿ ತಟ್ಟೆ ಹಿಡಿದುಕೊಂಡು ಅವಳನ್ನೇ ನೋಡುತ್ತ ಕೂತಳು. ಗಲ್ಲದ ಮೇಲೆ ಸುಟ್ಟ ಕಲೆ ಇತ್ತು. ಮೂಗಿನ ಪಕ್ಕದಲ್ಲಿ ನರೂಲಿ ಇತ್ತು. ಹಣೆಯ ಮೇಲೆ ಗೆರೆಗಳಿದ್ದವು, ಹಿಂದೆ ಇಲ್ಲದ ಒಂದು ಹೊಸ ಗೆರೆಯೂ ಇತ್ತು.

"ಏನೇ ಹಂಗೆ ನೋಡ್ತೀಯ? ರೊಟ್ಟಿ ಆರಿಹೋಗುತ್ತೆ. ನನ್ನ ಮುಖದಲ್ಲಿ ಏನಾದ್ರೂ ಹೋಗಿದೆಯಾ?"

"ಇಲ್ಲವ್ವ. ಎಲ್ಲಾ ಇದೆ."

ಹಾಗೆ ಅರಿಶಿನಗೆರೆಯ ಜನ ತಂತಮ್ಮ ಮುಖವನ್ನು ತಾವೇ ಹೊತ್ತುಕೊಂಡು, ಮುಪ್ಪಾಗುತ್ತ, ಬೈದಾಡುತ್ತ, ಒಂದೇ ಬಿಸಿಲಿನಲ್ಲಿ ಕೂತು ಏಳುತ್ತ ಸುಖವಾಗಿ ಬಾಳಿದರು. ನೀವೂ ಹಾಗೇ ಬಾಳಿ.